ಕಹಿ ಎನ್ನುವವರೆಗೆ ಚಪ್ಪಾಳೆ ಬೇಡ

ಸಭೆಯ ಅಧ್ಯಕ್ಷರಾದ ನರರೋಗ ವೈದ್ಯರೇ, ಇಂದು ನಮ್ಮೆಲ್ಲರಿಂದ ಬೀಳ್ಕೊಡುಗೆ ಪಡೆಯುತ್ತಿರುವ ಫಿಸಿಯೋ ಮೇಡಂ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಊರುಗೋಲು, ವಾಕರು, ಗಾಲಿಕುರ್ಚಿಗಳ ಸಮೇತ ದಯಮಾಡಿಸಿರುವ ನನ್ನ ಸಹಪಾಠಿಗಳೇ ಹಾಗೂ ಸಭಿಕರೇ,

ಮೊದಲು ಎಲ್ಲರೂ ಹೇಗಿದ್ದೀರಿ, ಹೇಳಿ. ನೆಂಟರಿಷ್ಟರಿಗೆ ಕಾಗದ ಬರೆದು ಬರೆದು ನನಗೆ ಇದೊಂದು ಅಭ್ಯಾಸ. ಕ್ಷೇಮ ವಿಚಾರಿಸದೆ ವಿಷಯಕ್ಕೆ ಇಳಿಯಬೇಕೆಂದರೆ ಪೆನ್ನೂ ಓಡುವುದಿಲ್ಲ, ನಾಲಿಗೆಯೂ ಓಡುವುದಿಲ್ಲ. ಕಂಡಕ್ಟರ್ ಸಾಹೇಬರೇ, ಎಡಗಾಲು ಈಗ ನಿಮ್ಮ ಮಾತು ಕೇಳುತ್ತಿದೆಯೋ, ಇಲ್ಲ ಇನ್ನೂ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಬೇಕೋ? ಲೆಕ್ಕದ ಮೇಷ್ಟ್ರೇ, ನಿಮಗೆ ಮಾತು ಮರಳಿತೆಂದು ಕೇಳಿ ಸಂತೋಷವಾಯಿತು. ನಿಮ್ಮ ಮನೆಯವರಿಗೂ ಆಗಿರುತ್ತದೆ, ಮೊದಲ ಒಂದು ವಾರ. ಲಿಫ್ಟಿನಣ್ಣ, ಬೆನ್ನು ಹೇಗಿದೆ? ನಮ್ಮನ್ನೆಲ್ಲ ಮೇಲೆ ಕೆಳಗೆ ಸಾಗಿಸುವವನಿಗೇ ಬೆನ್ನು ಹಿಡಿದರೆ ಈ ಕೇಂದ್ರದ ಗತಿಯೇನು? ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಮಗಳೇ, ಪ್ರಯಾಣ ಸುಖವಾಯಿತೇ? ನಿನ್ನ ಪಕ್ಕದಲ್ಲಿ ತಿಳಿ ಹಳದಿ ಸೀರೆಯಲ್ಲಿ ಕುಳಿತಿರುವ ಹೆಂಗಸಿನ ಆರೋಗ್ಯವನ್ನು ಮಾತ್ರ ನಾನೀಗ ಕೇಳುವುದಿಲ್ಲ. ಕೇಳಿದರೆ ‘ಚೆನ್ನಾಗಿದ್ದೇನೆ’ ಎಂದೇ ಅವಳು ಹೇಳುತ್ತಾಳೆ. ಅವಳ ಆ ಮಾತನ್ನು ನಂಬಬಾರದೆಂಬುದೇ ಇಂದಿನ ನನ್ನ ಭಾಷಣದ ಒಂದು ಮುಖ್ಯ ಅಂಶ.

ಇನ್ನೊಂದು ಮಾತು. ವೇದಿಕೆ ಹತ್ತುವಾಗ ಕಾರ್ಯದರ್ಶಿಗಳು ಹೂಗುಚ್ಛ ಕೊಡಲು ಬಂದರು, ನಾನು ಬೇಡವೆಂದೆ. ಅಧ್ಯಕ್ಷರು ಕೈಕುಲುಕಲು ಕೈ ನೀಡಿದರು, ಅದಕ್ಕೂ ಬೇಡವೆಂದೆ. ಮುದುಕನಿಗೆ ಇಷ್ಟೊಂದು ಸೊಕ್ಕೇ ಎಂದು ಹಿಂದಿನ ಸಾಲಿನವರು ಗೊಣಗಿದ್ದು ಕೇಳಿಸಿತು. ನನಗೆ ಹೋದದ್ದು ಕಿವಿಯಲ್ಲ. ಕಾರಣವನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ನನ್ನ ಎರಡೂ ಕೈಗಳನ್ನು ಹೀಗೆ ಎದೆಯ ಮುಂದೆ, ಏನನ್ನೂ ಮುಟ್ಟದೆ ಹಿಡಿದುಕೊಂಡಿರುತ್ತೇನೆ. ಮೈಕನ್ನೂ ಮುಟ್ಟುವುದಿಲ್ಲ.

ಸಭಿಕರೇ, ನಾನು ಅಂಚೆ ಇಲಾಖೆಯಲ್ಲಿ ಟಪಾಲು ವಿಂಗಡಿಸುವ ಸಾರ್ಟರ್ ಆಗಿದ್ದೆ. ಉದ್ದನೆಯ ಕೋಣೆ, ಮೇಲೆ ಕರಕರ ಎನ್ನುವ ಫ್ಯಾನು, ಅಂಟಿನ ವಾಸನೆ, ಗೋಣಿಚೀಲದ ಧೂಳು. ಎದುರಿಗೆ ಎದೆಯೆತ್ತರದಿಂದ ತಲೆಯ ಮೇಲಿನವರೆಗೆ ಮರದ ಗೂಡುಗಳು, ಒಂದೊಂದು ಊರಿಗೆ ಒಂದೊಂದು. ಎಡಗೈಯಲ್ಲಿ ಕಾಗದಗಳ ಕಟ್ಟು, ಬಲಗೈಯಲ್ಲಿ ಒಂದೊಂದಾಗಿ ಗೂಡಿಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ವಿಳಾಸ ಓದುತ್ತಿದ್ದೆ, ತಲೆಯೆತ್ತಿ ಗೂಡು ಹುಡುಕುತ್ತಿದ್ದೆ, ಹಾಕುತ್ತಿದ್ದೆ. ನಮ್ಮ ಹೆಡ್ ಸಾರ್ಟರು ಹಿಂದಿನಿಂದ ಬಂದು ತಲೆಗೆ ಮೊಟಕಿದರು.

‘ಲೋ, ಗೂಡು ಯಾಕೆ ನೋಡ್ತೀಯ? ವಿಳಾಸ ನೋಡು. ಗೂಡು ಎಲ್ಲಿಗೂ ಓಡಿ ಹೋಗಲ್ಲ.’

‘ಕೈ ತಪ್ಪಿದ್ರೆ ಸಾರ್?’

‘ನಿನ್ನ ಕೈ ನಿನಗಿಂತ ಬುದ್ಧಿವಂತ ಕಣೋ. ಅದರ ಕೆಲಸ ಅದಕ್ಕೆ ಬಿಡು.’

ಬಿಟ್ಟೆ. ಸ್ವಲ್ಪ ಕಾಲದಲ್ಲೇ ಕಣ್ಣು ವಿಳಾಸದ ಮೇಲೆ, ಬಾಯಿ ಪಕ್ಕದವನ ಜೊತೆ ಹರಟೆಯಲ್ಲಿ, ಕೈ ತನ್ನಷ್ಟಕ್ಕೆ ಗೂಡಿಗೆ. ಆ ಕಾಗದ ಅಲ್ಲಿಗೆ ಹೇಗೆ ಹೋಯಿತು? ಎಷ್ಟು ಚಾಚಬೇಕು, ಎಷ್ಟು ಎತ್ತಬೇಕು, ಎಲ್ಲಿ ಬೆರಳು ಸಡಿಲಿಸಬೇಕು ಎಂದು ಯಾರು ಲೆಕ್ಕ ಹಾಕಿದರು? ನಾನಂತೂ ಹಾಕಲಿಲ್ಲ. ನಿವೃತ್ತಿಯಾಗುವವರೆಗೂ ಆ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ತಲೆಯೊಳಗೆ ಯಾರೋ ಮಾಡುತ್ತಿದ್ದ ಕೆಲಸಕ್ಕೆ ನಾನು ಸಹಿ ಹಾಕಿ ಸಂಬಳ ತೆಗೆದುಕೊಳ್ಳುತ್ತಿದ್ದೆ, ಅಷ್ಟೆ.

ಆ ‘ಯಾರೋ’ ಒಬ್ಬರು ಒಳಗಿದ್ದಾರೆ ಎಂದು ಗೊತ್ತಾದದ್ದು ಅವರು ಕೆಲಸಕ್ಕೆ ಬಾರದ ದಿನ.

ಕಳೆದ ವರ್ಷ ಒಂದು ಬೆಳಿಗ್ಗೆ ಎದ್ದು ಕನ್ನಡಕಕ್ಕೆ ಕೈ ಚಾಚಿದೆ. ಕನ್ನಡಕ ಕಾಣುತ್ತಿದೆ, ಕೈ ಮಾತ್ರ ಪಕ್ಕದಲ್ಲಿದ್ದ ನೀರಿನ ಲೋಟದೊಳಕ್ಕೆ ಹೋಯಿತು. ಇನ್ನೂ ನಿದ್ದೆಗಣ್ಣು ಎಂದುಕೊಂಡೆ. ಚಹಾದ ಕಪ್ಪಿಗೆ ಕೈ ಹಾಕಿದೆ, ಅಂಗೈಯಗಲ ಆಚೆ ಬಿತ್ತು. ಮತ್ತೆ ಹಾಕಿದೆ, ಈಚೆ ಬಿತ್ತು. ಕಪ್ಪು ಅಲ್ಲೇ ಕುಳಿತು ನನ್ನನ್ನು ನೋಡಿ ನಗುತ್ತಿದೆ.

‘ಏನ್ರೀ, ಬೆಳಿಗ್ಗೆ ಬೆಳಿಗ್ಗೆ ಮೇಜಿನ ಮೇಲೆ ತಬಲಾ ಬಾರಿಸ್ತಿದ್ದೀರಾ?’ ಎಂದಳು ನಮ್ಮವಳು.

ಅವಳಿಗೆ ನಾನು ಮಾಡುವುದು ಪೂರ್ತಿ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಅವಳ ಕಣ್ಣಿನೊಳಗಿನ ಒತ್ತಡ ಜಾಸ್ತಿ. ಅದು ನೋಟವನ್ನು ಅಂಚಿನಿಂದ ಒಳಕ್ಕೆ, ಸದ್ದಿಲ್ಲದೆ ತಿನ್ನುತ್ತಾ ಬರುವ ರೋಗ. ಹೋದ ನೋಟ ಹಿಂದಕ್ಕೆ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ ಔಷಧಿ, ಎರಡು ಕಣ್ಣಿಗೂ. ಅವಳ ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ, ಸೀಸೆ ಹಿಂಡಲು ಬರುವುದಿಲ್ಲ. ಆ ಹನಿ ಹಾಕುವ ಕೆಲಸ ಮೊದಲಿನಿಂದಲೂ ನನ್ನದು. ನಿವೃತ್ತನಾದ ಮೇಲೆ ನನ್ನ ಪಾಲಿಗೆ ಉಳಿದಿದ್ದ ಒಂದೇ ಗೂಡು ಅದು ಎನ್ನಿ.

ಕನ್ನಡಕದ ಅಂಗಡಿಯವನು ಗೋಡೆಯ ಮೇಲಿನ ಅಕ್ಷರ ಓದಿಸಿದ. ಕೊನೆಯ ಸಾಲಿನವರೆಗೂ ಓದಿದೆ. ಮೂಳೆ ಡಾಕ್ಟರು ಕೈ ಮಡಚಿ, ತಿರುಚಿ, ತಮ್ಮ ಬೆರಳು ಹಿಂಡಿಸಿಕೊಂಡು ‘ಅಯ್ಯಯ್ಯೋ, ಬಿಡಿ, ಬಿಡಿ’ ಎಂದರು. ಕಣ್ಣೂ ಸರಿ, ಕೈಯೂ ಸರಿ. ಹಾಗಾದರೆ ಕೆಟ್ಟದ್ದೇನು? ಅಳಿಯ ತಾನಾಗಿಯೇ ಎಳೆದುಕೊಂಡು ಹೋಗಿ ತಲೆಯ ಫೋಟೋ ತೆಗೆಸಿದ. ಅದನ್ನು ಬೆಳಕಿಗೆ ಹಿಡಿದು ವಿವರಿಸಿದವರು ಇದೇ ಅಧ್ಯಕ್ಷರು.

‘ನಿಮಗೆ ಸ್ಟ್ರೋಕ್ ಆಗಿದೆ. ಕೈಕಾಲು ಬಿದ್ದು ಹೋಗೋ ಥರದ್ದಲ್ಲ. ಕಣ್ಣು ನೋಡಿದ್ದೆಲ್ಲ ತಲೆಯ ಹಿಂಭಾಗಕ್ಕೆ ಬರುತ್ತೆ. ಅಲ್ಲಿಂದ ಎರಡು ದಾರಿ ಇದೆ ಅಂತ ತಿಳ್ಕೊಳ್ಳಿ. ಕೆಳಗಿನ ದಾರಿ, ಇದು ಕಪ್ಪು, ಇದು ಮೇಜು, ಇದು ನಮ್ಮ ಮನೆಯವಳು ಅಂತ ಗುರುತು ಹಿಡಿಯುತ್ತೆ. ಮೇಲಿನ ದಾರಿ, ಕೈ ಎಷ್ಟು ಚಾಚಬೇಕು, ಬೆರಳು ಎಷ್ಟು ಬಿಡಿಸಬೇಕು ಅಂತ ಆಗಿಂದಾಗ ಕೈಗೆ ಹೇಳುತ್ತೆ. ನಿಮ್ಮ ಮೇಲಿನ ದಾರಿ ಎರಡೂ ಕಡೆ ಕೆಟ್ಟಿದೆ.’

ನಾನೆಂದೆ, ‘ಅಂದ್ರೆ ಡಾಕ್ಟ್ರೇ, ಟಪಾಲೂ ಇದೆ, ಊರೂ ಇದೆ. ನಡುವೆ ಸೇತುವೆ ಕುಸಿದಿದೆ.’

‘ಹೆಚ್ಚು ಕಡಿಮೆ ಹಾಗೇ.’

‘ಸೇತುವೆ ಕುಸಿದ್ರೆ ನಾವು ಸುತ್ತುದಾರೀಲಿ ಕಳಿಸ್ತಿದ್ವಿ.’

‘ನಿಮ್ಮ ತಲೆಗೂ ಸುತ್ತುದಾರಿ ಇರಬಹುದು. ಹುಡುಕೋರ ಹತ್ರ ಕಳಿಸ್ತೀನಿ’ ಎಂದು ಫಿಸಿಯೋ ಮೇಡಂಗೆ ಚೀಟಿ ಬರೆದರು.

ಆದರೆ ಸಭಿಕರೇ, ನಾನು ಇಲ್ಲಿಗೆ ಬಂದು ಸೇರುವ ಮುಂಚೆ ನಮ್ಮ ಮನೆಯಲ್ಲಿ ಒಂದು ನಾಟಕ ನಡೆಯಿತು. ಹನಿ ಹಾಕುವುದನ್ನು ನಾನು ಬಿಟ್ಟಿರಲಿಲ್ಲ. ಕಪ್ಪು ತಪ್ಪಿದರೆ ತಪ್ಪಲಿ, ಅವಳ ಕಣ್ಣು ತಪ್ಪೀತೇ? ಅವಳು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸುತ್ತಿದ್ದಳು. ನಾನು ಕಣ್ಣಿಗೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ಹಿಂಡುತ್ತಿದ್ದೆ. ‘ಬಿತ್ತೇನೇ?’ ಎನ್ನುತ್ತಿದ್ದೆ. ‘ಬಿತ್ತು ರೀ’ ಎನ್ನುತ್ತಿದ್ದಳು. ಕೆನ್ನೆಯ ಮೇಲೆ ಇಳಿದದ್ದನ್ನು, ಹೆಚ್ಚಾಗಿ ತುಳುಕಿದ್ದು ಎಂದುಕೊಂಡು ನಾನೇ ಒರೆಸುತ್ತಿದ್ದೆ.

ಕಣ್ಣಿನ ಡಾಕ್ಟರಮ್ಮನ ಬಳಿ ಹೋದಾಗ ಒತ್ತಡ ಏರಿತ್ತು. ‘ಔಷಧಿ ಹಾಕ್ತಿಲ್ವಾ?’ ಎಂದು ಅವರು ಗದರಿದರು. ‘ದಿನಾ ತಪ್ಪದೆ ಹಾಕ್ತಾರೆ’ ಎಂದು ಇವಳು ನನ್ನ ಪರ ವಕಾಲತ್ತು ವಹಿಸಿದಳು. ಎಡಗಣ್ಣಿನ ಅಂಚಿನಲ್ಲಿ ಇನ್ನೊಂದು ಚೂರು ನೋಟ ಹೋಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅವಳೇ ಹೇಳಿದಳು.

‘ಬೀಳ್ತಿರಲಿಲ್ಲ ರೀ. ಹುಬ್ಬಿನ ಮೇಲೆ, ಕೆನ್ನೆ ಮೇಲೆ, ಒಂದು ಸಲ ಕಿವಿಯೊಳಗೆ.’

‘ಮತ್ತೆ ಬಿತ್ತು, ಬಿತ್ತು ಅಂತಿದ್ದೆ?’

‘ಏನ್ ಮಾಡ್ಲಿ? ನನಗೆ ಪ್ರಪಂಚವೇ ಸರಿಯಾಗಿ ಕಾಣಲ್ಲ. ಆದ್ರೂ ಬಿತ್ತೇನೇ ಅಂತ ಕೇಳೋವಾಗ ನಿಮ್ಮ ಮುಖ ಕಾಣ್ತಿತ್ತು.’

ಬಸ್ಸು ಎಲ್ಲೆಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ. ಇಳಿಯಬೇಕಾದ ಸ್ಟಾಪು ದಾಟಿ ಹೋಗಿದ್ದೆವು.

ಮಗಳು ಆ ವಾರವೇ ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಸರಿಯಾಗಿಯೇ ಮಾಡಿದಳು. ನಾನು ಚಿಕಿತ್ಸೆಗೆಂದು ಇಲ್ಲೇ ಉಳಿದೆ. ಹೊರಡುವಾಗ ಮಗಳು ಹೇಳಿದ ಮಾತು ಇದು: ‘ಅಪ್ಪ, ಬೇಜಾರು ಮಾಡ್ಕೋಬೇಡ. ನೀನು ನನ್ನ ಕಣ್ಣೆದುರಿಗೆ ಅಮ್ಮನ ಕಣ್ಣಿಗೆ ಹನಿ ಹಾಕಿ ತೋರಿಸಿದ ದಿನ ಅಮ್ಮ ವಾಪಸ್. ಅಲ್ಲೀವರೆಗೆ ನೀವಿಬ್ಬರೂ ಹೇಳಿದ್ದನ್ನ ನಾನು ನಂಬಲ್ಲ. ಇಬ್ಬರೂ ಒಂದೇ ಕಂಪನಿ.’

ಹೀಗಾಗಿ ನಾನು ಈ ಕೇಂದ್ರದ ಎರಡನೆಯ ಮಹಡಿಯ ಕಿಟಕಿ ಪಕ್ಕದ ಮೇಜಿಗೆ ಬಂದು ಕುಳಿತೆ. ಮೇಡಂ ಮೇಜಿನ ಮೇಲೆ ಮರದ ಗೂಟಗಳನ್ನು ಇಟ್ಟರು. ‘ತಾತ, ಕೆಂಪು ತಗೊಳ್ಳಿ’ ಎಂದರು. ಕೆಂಪು ಕಾಣುತ್ತದೆ. ಕೈ ಹೋಗಿ ಖಾಲಿ ಮೇಜನ್ನು ಹಿಡಿಯುತ್ತದೆ. ಕಣ್ಣು ಬಿಟ್ಟು ನೋಡುತ್ತೇನೆ, ಇನ್ನೂ ತಪ್ಪುತ್ತದೆ. ಪಕ್ಕದ ಮೇಜಿನಿಂದ ಕಂಡಕ್ಟರ್ ಸಾಹೇಬರು ‘ತಾತಾ, ಅದು ಹಿಂದಿನ ಸ್ಟಾಪು!’ ಎನ್ನುತ್ತಿದ್ದರು. ನಕ್ಕರು ಅಂತ ಆಗ ಸಿಟ್ಟು ಬಂದಿತ್ತು. ಈಗ ಹೇಳುತ್ತೇನೆ ಸಾಹೇಬರೇ, ಆ ದಿನಗಳಲ್ಲಿ ಈ ಕಟ್ಟಡದಲ್ಲಿ ನನ್ನನ್ನು ನೋಡಿ ಅಯ್ಯೋ ಎನ್ನದೆ ಇದ್ದವರು ನೀವೊಬ್ಬರೇ.

ಒಂದು ಮಧ್ಯಾಹ್ನ ಮೇಡಂ ಹೇಳಿದರು, ‘ಇವತ್ತು ಬೇರೆ ಥರ ಮಾಡೋಣ. ಗೂಟ ನೋಡಿ. ಚೆನ್ನಾಗಿ ನೋಡಿದ್ರಾ? ಈಗ ಕಣ್ಣು ಮುಚ್ಚಿ. ಕೈ ಚಾಚಬೇಡಿ, ತಡೀರಿ. ಎರಡು ಸಲ ಉಸಿರಾಡಿ. ಹ್ಞಾಂ, ಈಗ ತಗೊಳ್ಳಿ.’

‘ಅಲ್ಲಮ್ಮ, ಕಣ್ಣು ಬಿಟ್ಟಾಗ ಸಿಗದ್ದು ಮುಚ್ಚಿದಾಗ ಸಿಗುತ್ತಾ?’

‘ತಗೊಳ್ಳಿ ತಾತ.’

ಚಾಚಿದೆ. ಬೆರಳಿಗೆ ಮರ ತಾಗಿತು. ಗೂಟ ಸ್ವಲ್ಪ ವಾಲಿತು, ನಿಜ. ಆದರೆ ಸಿಕ್ಕಿತು! ಈ ಹುಡುಗಿ ಗೂಟವನ್ನು ತಳ್ಳಿ ನನ್ನ ಕೈಗೆ ತಾಗಿಸಿರಬೇಕು ಎಂದುಕೊಂಡೆ. ಅವರ ಎರಡೂ ಕೈಗಳನ್ನು ಕಂಡಕ್ಟರ್ ಸಾಹೇಬರಿಗೆ ಹಿಡಿದುಕೊಳ್ಳಲು ಹೇಳಿ ಮತ್ತೆ ಮಾಡಿದೆ. ಮತ್ತೆ ಸಿಕ್ಕಿತು. ಎಲ್ಲ ಸಲವೂ ಅಲ್ಲ, ಆದರೆ ತಪ್ಪಿದಾಗಲೂ ಹತ್ತಿರದಲ್ಲೇ ತಪ್ಪಿತು.

ಹೇಗೆ? ಮೇಡಂ ವಿವರಿಸಿದರು. ನೋಡುತ್ತಾ ನೋಡುತ್ತಾ ಕೈ ಚಾಚಿದರೆ ಕೈ ಆ ಕುಸಿದ ಸೇತುವೆಯನ್ನೇ ಕೇಳುತ್ತದೆ. ಸೇತುವೆ ಸುಳ್ಳು ಲೆಕ್ಕ ಕೊಡುತ್ತದೆ. ನೋಡಿ, ತಡೆದು, ಆಮೇಲೆ ಚಾಚಿದರೆ ಕೈ ನೆನಪನ್ನು ಕೇಳುತ್ತದೆ. ನೆನಪು ಇನ್ನೊಂದು ದಾರಿಯಲ್ಲಿ ಬರುತ್ತದೆ, ನನಗೆ ಉಳಿದಿರುವ ದಾರಿಯಲ್ಲಿ. ‘ಹೀಗಿರಬೇಕು ಅಂತ ತಿಳಿದವರು ಹೇಳ್ತಾರೆ ತಾತ. ಒಳಗೆ ಪೂರ್ತಿ ಏನು ನಡೆಯುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ’ ಎಂದೂ ಸೇರಿಸಿದರು.

ಸಭಿಕರೇ, ಸ್ವಲ್ಪ ಯೋಚಿಸಿ. ಕಣ್ಣೆದುರಿಗೆ ಇರುವ ವಸ್ತು ಕೈಗೆ ಸಿಗುವುದಿಲ್ಲ, ಅದೇ ವಸ್ತು ನೆನಪಾದ ಮೇಲೆ ಸಿಗುತ್ತದೆ! ತಲೆಯೊಳಗೆ ಬೊಗಸೆಯಲ್ಲಿ ಹಿಡಿಯುವಷ್ಟು ಮೆತ್ತನೆಯ ಒಂದು ಮುದ್ದೆ, ತನ್ನಲ್ಲೇ ಒಂದು ಭಾಗ ಸತ್ತು ಬಿದ್ದಿದ್ದರೂ, ಯಾರೂ ಆಜ್ಞೆ ಮಾಡದೆ, ತಡವಾದರೂ ಸರಿ ಕಾಗದ ತಲುಪಲಿ ಎಂದು ಹಳ್ಳ ಕೊಳ್ಳ ಸುತ್ತಿ ನಡೆಯುತ್ತದೆ. ಇಷ್ಟು ವರ್ಷ ಇದನ್ನು ಟೋಪಿ ಹಾಕಿಕೊಳ್ಳಲು ಇರುವ ಜಾಗ ಎಂದುಕೊಂಡಿದ್ದೆನಲ್ಲ! ಆ ಸಂಜೆ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, ನಗಬೇಡಿ, ನನ್ನ ತಲೆಗೆ ನಾನೇ ಕೈಮುಗಿದೆ. ಕೈಗಳು ಒಂದಕ್ಕೊಂದು ಸರಿಯಾಗಿಯೇ ಕೂಡಿದವು. ಅದನ್ನು ಆಗ ಗಮನಿಸಲಿಲ್ಲ. ಗಮನಿಸಬೇಕಿತ್ತು.

ಏಕೆಂದರೆ ಗೂಟಕ್ಕೆ ‘ಹತ್ತಿರ’ ಸಾಕು, ಕಣ್ಣಿಗೆ ಸಾಲದು. ಮೇಡಂ ಒಂದು ರಬ್ಬರ್ ಚೆಂಡಿನ ಮೇಲೆ ಕಣ್ಣು ಬರೆದು, ಸೀಸೆಯಲ್ಲಿ ನೀರು ತುಂಬಿಕೊಟ್ಟರು. ನೋಡಿ, ಮುಚ್ಚಿ, ತಡೆದು ಹಾಕಿದರೂ ಹುಬ್ಬಿಗೊಂದು, ಮೂಗಿಗೊಂದು. ಚೆಂಡು ಪಾಪ, ದಿನವಿಡೀ ಅತ್ತಂತೆ ಕಾಣುತ್ತಿತ್ತು. ಸೋತು ಹೋಗಿ ನಮ್ಮವಳಿಗೆ ಫೋನು ಮಾಡಿದೆ. ‘ನನ್ನಿಂದ ಆಗಲ್ಲ ಕಣೆ. ಅಲ್ಲೇ ಇದ್ದುಬಿಡು’ ಎಂದೆ.

ಅವಳು, ‘ನಾನು ಚಹಾ ಹೇಗೆ ಬಗ್ಗಿಸ್ತೀನಿ, ಯಾವತ್ತಾದ್ರೂ ನೋಡಿದ್ದೀರಾ?’ ಎಂದಳು.

‘ಕುಡಿದಿದ್ದೀನಿ.’

‘ಅದೊಂದು ಗೊತ್ತು ನಿಮಗೆ. ಕೇಳಿ. ಎಡಗೈ ಬೆರಳು ಲೋಟದ ಬಾಯಿ ಮೇಲೆ ಇಡ್ತೀನಿ. ಆಮೇಲೆ ಬಲಗೈಗೆ ಲೋಟ ಹುಡುಕೋ ಕೆಲಸವೇ ಇಲ್ಲ. ಎಡಗೈ ಹತ್ರ ಹೋದ್ರೆ ಸಾಕು. ಕೈಗೆ ಕೈ ಎಲ್ಲಿದೆ ಅಂತ ಕಣ್ಣು ಹೇಳಬೇಕೇನ್ರೀ?’

ಮಾರನೆಯ ದಿನ ಮೇಡಂಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ‘ತಾತ, ನಾಳೆಯಿಂದ ಅದನ್ನೇ ಶುರು ಮಾಡೋಣ ಅಂತಿದ್ದೆ, ಅಜ್ಜಿ ಮೊದಲೇ ಹೇಳಿಬಿಟ್ರು!’ ಎಂದರು. ಮೇಡಂ ಸುಳ್ಳು ಹೇಳುವವರಲ್ಲ, ಆದ್ದರಿಂದ ಅರ್ಧ ನಂಬಿದ್ದೇನೆ. ಕೈಗೆ ಕೈ ಗೊತ್ತಿರುವುದು ಕಣ್ಣಿನಿಂದಲ್ಲವಂತೆ. ಕೀಲು, ಸ್ನಾಯು, ಚರ್ಮ ಇವೆಲ್ಲ ಕ್ಷಣಕ್ಷಣಕ್ಕೂ ಒಳಗೆ ವರದಿ ಒಪ್ಪಿಸುತ್ತಿರುತ್ತವಂತೆ. ಆ ಟಪಾಲು ಬರುವ ದಾರಿ ಬೇರೆ. ನನ್ನಲ್ಲಿ ಅದಕ್ಕೆ ಏನೂ ಆಗಿರಲಿಲ್ಲ. ಎಡಗೈಯಿಂದ ಚೆಂಡನ್ನು ಸವರಿ ಕಣ್ಣಿನ ಗುರುತಿನ ಕೆಳಗೆ ಹೆಬ್ಬೆರಳು ಊರಿದೆ. ಕಣ್ಣು ಮುಚ್ಚಿದೆ. ಬಲಗೈಯನ್ನು ಎಡಗೈಯ ಬೆನ್ನ ಮೇಲೆ ಇಳಿಸಿದೆ. ಹಿಂಡಿದೆ. ಚೆಂಡಿನ ಕಣ್ಣಾಲಿಯ ನಡುಮಧ್ಯದಲ್ಲಿ ಹನಿ!

ಆಮೇಲೆ ಕಂಡಕ್ಟರ್ ಸಾಹೇಬರು ತಮ್ಮ ಕಣ್ಣನ್ನೇ ಒಡ್ಡಿದರು. ಮೇಡಂ ಅನುಮತಿ ಕೊಟ್ಟು, ಬರೀ ಕಣ್ಣು ತಂಪಾಗಿಸುವ ಹನಿ ತರಿಸಿದರು. ಸಾಹೇಬರು ಮನೆಯಲ್ಲಿ ಹೆಂಡತಿಗೆ ಹೇಳಿ ಬಂದಿದ್ದರಂತೆ: ‘ನಾನು ಒಕ್ಕಣ್ಣನಾಗಿ ಬಂದ್ರೆ ಬಾಗಿಲು ತೆಗಿ.’ ಎರಡು ಕಣ್ಣಿನೊಂದಿಗೇ ಹೋದರು.

ಆದರೆ ನಮ್ಮವಳ ಕಣ್ಣಿಗೆ, ಅವಳು ಹೋದಂದಿನಿಂದ ಇವತ್ತಿನವರೆಗೆ, ನಾನು ಕೈ ಹಚ್ಚಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ಅದನ್ನೇ ನೋಡುತ್ತಿದ್ದೆ. ಸಂಜೆಯ ಹನಿಯ ಹೊತ್ತಾಯಿತು. ಔಷಧಿಯ ಸೀಸೆ ಮಗಳ ಚೀಲದಲ್ಲಿದೆ, ಸಭೆ ಮುಗಿಯುವವರೆಗೆ ಕಾಯುವ ಔಷಧಿ ಅದಲ್ಲ. ಕೈ ತೊಳೆದುಕೊಂಡು ವೇದಿಕೆ ಹತ್ತಿದ್ದೇನೆ, ಹೂವೂ ಬೇಡ, ಕೈಕುಲುಕುವುದೂ ಬೇಡ ಎಂದದ್ದು ಅದಕ್ಕೇ. ಅಧ್ಯಕ್ಷರನ್ನು ಬೆಳಿಗ್ಗೆಯೇ ಕೇಳಿಕೊಂಡಿದ್ದೆ, ಒಪ್ಪಿದ್ದಾರೆ. ಮಗಳನ್ನು ಮಾತ್ರ ಕೇಳಿಲ್ಲ. ಮಗಳೇ, ಕೋಪ ಮಾಡಿಕೊಳ್ಳಬೇಡ. ನಿನ್ನ ಕಣ್ಣೆದುರಿಗೆ ಎಂದಿದ್ದೆಯಲ್ಲ? ಇವರೆಲ್ಲರ ಕಣ್ಣೂ ಇರಲಿ ಎಂದುಕೊಂಡೆ. ತಪ್ಪಿದರೆ ಸೀಸೆಯನ್ನು ನೀನೇ ತೆಗೆದುಕೊ, ಅಮ್ಮನನ್ನು ಕರೆದುಕೊಂಡು ಹೋಗು, ನಾನು ಕಾರಿನವರೆಗೆ ಬಂದು ಕಳಿಸಿಕೊಡುತ್ತೇನೆ.

ಲಿಫ್ಟಿನಣ್ಣ, ಆ ಕುರ್ಚಿಯನ್ನು ಇಲ್ಲಿ ಮೈಕಿನ ಹತ್ತಿರ ಹಾಕಿ. ಹೌದು, ಬೆನ್ನು ನೋಡಿಕೊಂಡು. ಬಾರೇ. ಮೂರು ಮೆಟ್ಟಿಲಿದೆ, ಮೇಡಂ ಕೈ ಹಿಡಿದುಕೋ. ಮಗಳೇ, ಸೀಸೆಯನ್ನು ಮೇಡಂಗೆ ಕೊಡು, ಅವರು ಮುಚ್ಚಳ ತೆಗೆದು ನನ್ನ ಬಲಗೈಯಲ್ಲಿಡಲಿ. ಕುಳಿತುಕೋ. ತಲೆ ಹಿಂದಕ್ಕೆ.

ಸಭಿಕರೇ, ಒಂದು ನಿಯಮ. ಇವಳು ‘ಬಿತ್ತು’ ಎಂದರೆ ಯಾರೂ ನಂಬಬೇಡಿ. ಇವಳ ‘ಬಿತ್ತು’ವಿನ ಕಥೆ ಕೇಳಿದ್ದೀರಿ. ಈ ಔಷಧಿ ಕಣ್ಣಿನೊಳಗೆ ಬಿದ್ದರೆ ಮೂಗಿನ ಕಡೆಯ ಮೂಲೆಯಿಂದ ಒಂದಿಷ್ಟು ಗಂಟಲಿಗೆ ಇಳಿಯುತ್ತದೆ. ಇಳಿದರೆ ಹಾಗಲಕಾಯಿಗಿಂತ ಕಹಿ. ಇವಳ ಮುಖ ಆಗ ಹೇಗಾಗುತ್ತದೆ ಎಂದು ನನಗೆ ಗೊತ್ತು, ಅದನ್ನು ನಟಿಸಲು ಯಾರಿಂದಲೂ ಸಾಧ್ಯವಿಲ್ಲ. ಕಹಿ ಎನ್ನುವವರೆಗೆ ಚಪ್ಪಾಳೆ ಬೇಡ. ಇನ್ನು ಸ್ವಲ್ಪ ಹೊತ್ತು ನಾನು ಮಾತಾಡುವುದಿಲ್ಲ.

ಇಲ್ಲ, ಮಾತಾಡುತ್ತೇನೆ. ಬಾಯಿ ಹರಟೆಯಲ್ಲಿದ್ದರೇ ನನ್ನ ಕೈ ಕೆಲಸ ಮಾಡುವುದು. ಎಡಗೈ ಗಲ್ಲದ ಮೇಲಿದೆ. ಇಲ್ಲಿಂದ ಮೇಲಕ್ಕೆ. ಇದು ಕೆನ್ನೆ. ಈ ದಾರಿಗೆ ನನಗೆ ದೀಪ ಬೇಕಿಲ್ಲ. ಇದು ರೆಪ್ಪೆಯ ಅಂಚು. ಹೆಬ್ಬೆರಳು ಊರಿದೆ. ನನ್ನ ಕಣ್ಣು ಮುಚ್ಚಿದೆ. ‘ನನ್ನ ಕಣ್ಣಿಗೆ ಔಷಧಿ ಹಾಕೋಕೆ ನೀವು ಕಣ್ಣು ಮುಚ್ಕೋಬೇಕಾ’ ಎಂದು ಬೈಯುತ್ತಿದ್ದಾಳೆ, ಮೈಕಿನಲ್ಲಿ ಬಂತೇ? ಬಲಗೈ ಹೊರಟಿದೆ. ಎಡಗೈ ಸಿಕ್ಕಿತು. ಹಿಂಡುತ್ತಿದ್ದೇನೆ.

ಒಂದು. ಈಗ ಇನ್ನೊಂದು ಕಣ್ಣು. ಗಲ್ಲ. ಕೆನ್ನೆ. ರೆಪ್ಪೆ. ಎರಡು.

‘ಬಿತ್ತು’ ಎನ್ನುತ್ತಿದ್ದಾಳೆ. ಬೇಡ, ಯಾರೂ ಕೈ ಎತ್ತಬೇಡಿ. ಕಂಡಕ್ಟರ್ ಸಾಹೇಬರೇ, ನೀವೂ. ಕಾಯೋಣ. ಟಪಾಲು ದಾರಿಯಲ್ಲಿದೆ.

ಕಾಯೋಣ.

ಆಹಾ! ನೋಡಿದಿರಾ ಆ ಮುಖ? ಮೂಗು ಮುರಿದದ್ದು ನೋಡಿದಿರಾ? ‘ಥೂ, ಕಹಿ ರೀ, ಒಂದು ಲೋಟ ನೀರು ಕೊಡಿ’ ಅಂದಳು. ಕಹಿ ಅಂದಳು! ಮೇಡಂ, ಅವಳಿಗೆ ನೀರು ಕೊಡಿ. ಈಗ ಹೊಡೆಯಿರಪ್ಪ ಚಪ್ಪಾಳೆ. ನನಗಲ್ಲ. ಈ ತಲೆಯೊಳಗೆ ಕುಳಿತು ಸುತ್ತುದಾರಿ ಹುಡುಕಿದನಲ್ಲ, ಆ ಹೆಸರಿಲ್ಲದ ಸಾರ್ಟರಿಗೆ.

ಮಗಳು ಎದ್ದು ಹೊರಗೆ ಹೋಗುತ್ತಿದ್ದಾಳೆ. ಏನಮ್ಮಾ? ‘ಅಮ್ಮನ ಪೆಟ್ಟಿಗೆ ಕಾರಿನಲ್ಲಿದೆ, ಇಳಿಸ್ತೀನಿ’ ಅಂದಳು. ಪೆಟ್ಟಿಗೆ ತಂದೇ ಬಂದಿದ್ದಾಳೆ, ನೋಡಿ. ಯಾವುದನ್ನೂ ನಂಬಲ್ಲ ಎಂದವಳು.

ಫಿಸಿಯೋ ಮೇಡಂ, ನೀವು ನಾಳೆ ಬೇರೆ ಊರಿಗೆ ಹೊರಡುತ್ತೀರಿ. ಅಲ್ಲಿಯೂ ಯಾರದೋ ಕೈ ಖಾಲಿ ಮೇಜನ್ನು ಹಿಡಿಯುತ್ತಿರುತ್ತದೆ, ಯಾರೋ ಹೆಂಡತಿ ‘ಬಿತ್ತು’ ಎನ್ನುತ್ತಿರುತ್ತಾಳೆ. ಬೇಗ ಹೋಗಿ. ನಿಮಗೆ ಏನು ಕೊಡಬೇಕೆಂದು ತಿಳಿಯದೆ, ಅಳುವ ಆ ರಬ್ಬರ್ ಚೆಂಡನ್ನು ತೊಳೆದು ನಿಮ್ಮ ಚೀಲಕ್ಕೆ ಹಾಕಿದ್ದೇನೆ. ಅಧ್ಯಕ್ಷರಿಗೆ, ಲಿಫ್ಟಿನಣ್ಣನ ಬೆನ್ನಿಗೆ, ಕಂಡಕ್ಟರ್ ಸಾಹೇಬರ ಎರಡು ಕಣ್ಣುಗಳಿಗೆ, ಕುಳಿತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ.

ಮೇಡಂ, ತಲುಪಿದ ಕೂಡಲೇ ಕಾಗದ ಬರೆಯಿರಿ. ಫೋನು ಬೇಡ, ಕಾಗದ. ನಿಮ್ಮ ಆರೋಗ್ಯ, ಹೊಸ ಊರಿನ ನೀರು, ಹೊಸ ಕಿಟಕಿ ಪಕ್ಕದ ಮೇಜು ಎಲ್ಲದರ ಬಗ್ಗೆ ಬರೆಯಿರಿ. ಅವಳಿಗೆ ಓದಿ ಹೇಳುತ್ತೇನೆ. ವಿಳಾಸ ಹಳೆಯದೇ. ಲಕೋಟೆಯ ಮೇಲೆ ಮಾತ್ರ ಇಬ್ಬರ ಹೆಸರನ್ನೂ ಬರೆಯಿರಿ.

ನಮಸ್ಕಾರ.